ಋಣ ಅಯಾನು ಹೈಡ್ರೋಜನ್ ಜೊತೆ ಎಷ್ಟು ಬೇಗ ವರ್ತಿಸುತ್ತದೆ? ಅಳೆಯುವವರಿಗೆ ಸಮಗ್ರ ಮಾರ್ಗದರ್ಶಿ

ಋಣ ಅಯಾನುಗಳ, ಅಂದರೆ ಹೆಚ್ಚುವರಿ ಎಲೆಕ್ಟ್ರಾನ್ ಹೊತ್ತ ಪರಮಾಣು ಅಥವಾ ಅಣುಗಳ, ವಿಷಯದಲ್ಲಿ ಹೈಡ್ರೋಜನ್ ಅಣು ಸ್ವಲ್ಪ ಸೋಮಾರಿ. ಅನಿಲದಲ್ಲಿ ಎರಡೂ ಡಿಕ್ಕಿ ಹೊಡೆದರೂ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಕ್ರಿಯೆ ನಡೆದಾಗಲೂ ಕೆಲವೊಮ್ಮೆ ಉತ್ಪನ್ನ, ಅಯಾನುಗಳನ್ನು ರಾಶಿಯ ಪ್ರಕಾರ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕಾಣಿಸುವುದೇ ಇಲ್ಲ, ಏಕೆಂದರೆ ಹೊರಬರುವುದು ಬರೀ ಎಲೆಕ್ಟ್ರಾನ್. ಹಾಗಾಗಿ ಇಲ್ಲಿ ಸೂತ್ರ ಸುಲಭ, ನಂಬಿಕೆ ಕಷ್ಟ. ಪರದೆಯಲ್ಲಿ ಅಯಾನು ಕಡಿಮೆಯಾಗಿದ್ದು ನಿಜವಾಗಿ ಹೈಡ್ರೋಜನ್‌ನಿಂದಲೇ ಅಂತ ತೋರಿಸಬೇಕು. ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಮೀಸಲು.

ಇದನ್ನೆಲ್ಲ ಅಳೆದು ಏನು ಪ್ರಯೋಜನ ಅಂತ ಕೇಳುವವರಿಗೆ ಎರಡು ಮಾತು. ಮೊದಲ ನಕ್ಷತ್ರಗಳು ಹುಟ್ಟುವ ಕಾಲದಲ್ಲಿ ಬ್ರಹ್ಮಾಂಡದಲ್ಲಿ ಧೂಳು ಇರಲಿಲ್ಲ. ಆಗ ಹೈಡ್ರೋಜನ್ ಅಣುಗಳು ಆಗಿದ್ದು ಬಹುಮಟ್ಟಿಗೆ ಹೈಡ್ರೈಡ್ ಅಯಾನು (ಒಂದು ಹೆಚ್ಚುವರಿ ಎಲೆಕ್ಟ್ರಾನ್ ಇರುವ ಹೈಡ್ರೋಜನ್ ಪರಮಾಣು) ಮತ್ತು ಹೈಡ್ರೋಜನ್ ಪರಮಾಣು ಸೇರುವುದರಿಂದ. ಆ ಅಣುಗಳೇ ಅನಿಲವನ್ನು ತಣ್ಣಗಾಗಿಸಿ ನಕ್ಷತ್ರವಾಗಿ ಕುಸಿಯಲು ಬಿಟ್ಟವು. ಎರಡನೆಯದು, 2006ರಲ್ಲಿ ಬಾಹ್ಯಾಕಾಶದಲ್ಲಿ ಮೊದಲ ಬಾರಿಗೆ ಒಂದು ಋಣ ಅಣು ಸಿಕ್ಕಿತು. ಆರು ಕಾರ್ಬನ್‌ಗಳ ಸರಪಳಿ, ತುದಿಯಲ್ಲಿ ಒಂದು ಹೈಡ್ರೋಜನ್. ಸುತ್ತಲೂ ಹೈಡ್ರೋಜನ್ನೇ ತುಂಬಿರುವ ಮೋಡದಲ್ಲಿ ಅದು ಹೇಗೆ ಉಳಿದುಕೊಂಡಿದೆ ಅನ್ನುವುದಕ್ಕೆ ಉತ್ತರ ದರ ಸ್ಥಿರಾಂಕದಲ್ಲೇ, ಅಂದರೆ ಕ್ರಿಯೆಯ ವೇಗ ಹೇಳುವ ಸಂಖ್ಯೆಯಲ್ಲೇ, ಇದೆ.

ಹಂತ 1: ಯಂತ್ರಕ್ಕೆ ಮೊದಲು ಕಾಗದ

ಮೊದಲು ಶಕ್ತಿಯ ಲೆಕ್ಕ ಹಾಕಿ. ಬೇಕಾದದ್ದು ಎರಡೇ ಬಗೆಯ ಅಂಕಿ: ಬಂಧಗಳ ಬಲ, ಮತ್ತು ಅಯಾನಿನ ಹೆಚ್ಚುವರಿ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿ.

ಹೈಡ್ರಾಕ್ಸೈಡ್ ಅಯಾನು (ಆಮ್ಲಜನಕ, ಹೈಡ್ರೋಜನ್ ಒಂದೊಂದು ಪರಮಾಣು ಇರುವುದು) ಹೈಡ್ರೋಜನ್ ಜೊತೆ ವರ್ತಿಸಿ ನೀರು ಮತ್ತು ಹೈಡ್ರೈಡ್ ಕೊಡಬಹುದೇ ನೋಡೋಣ. ಹೈಡ್ರೋಜನ್ ಬಂಧ ಮುರಿಯಲು 4.48 ಎಲೆಕ್ಟ್ರಾನ್ ವೋಲ್ಟ್ ಖರ್ಚು. ನೀರಿನ ಬಂಧ ಕಟ್ಟಿದಾಗ 5.10 ವಾಪಸ್ ಬರುತ್ತದೆ. ಇಲ್ಲಿವರೆಗೆ 0.62 ಲಾಭ. ಆದರೆ ಎಲೆಕ್ಟ್ರಾನ್ ಹೈಡ್ರಾಕ್ಸಿಲ್‌ನಲ್ಲಿ 1.83ರ ಹಿಡಿತದಲ್ಲಿತ್ತು, ಹೈಡ್ರೋಜನ್‌ನಲ್ಲಿ ಬರೀ 0.75ರ ಹಿಡಿತದಲ್ಲಿರುತ್ತದೆ. ಇದರಲ್ಲಿ 1.07 ನಷ್ಟ. ಒಟ್ಟು ಸುಮಾರು 0.45 ಎಲೆಕ್ಟ್ರಾನ್ ವೋಲ್ಟ್ ಸಾಲ. 300 ಕೆಲ್ವಿನ್‌ನಲ್ಲಿ ಇಷ್ಟು ಸಾಲ ತೀರಿಸುವ ಡಿಕ್ಕಿಗಳು ಕೋಟಿಗೆ ಒಂದೂ ಇಲ್ಲ ಅನ್ನುವಷ್ಟು ಅಪರೂಪ. ನಿಮ್ಮ ಯಂತ್ರದಲ್ಲಿ ಈ ಬದಲಾವಣೆ ಕಂಡರೆ ಅದು ಹೈಡ್ರೋಜನ್‌ನ ಕೆಲಸವಲ್ಲ ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಅರ್ಧ ಗಂಟೆಯ ಲೆಕ್ಕ ಒಂದು ವಾರದ ಗೊಂದಲ ಉಳಿಸುತ್ತದೆ.

ಆಮ್ಲಜನಕದ ಪರಮಾಣು ಅಯಾನಿನ ಕಥೆ ಬೇರೆ. ಅದಕ್ಕೆ ಎರಡು ದಾರಿ ತೆರೆದಿದೆ. ಒಂದು, ಹೈಡ್ರೋಜನ್ ಅಣುವನ್ನು ಪೂರ್ತಿ ಸೇರಿಸಿಕೊಂಡು ನೀರಾಗಿ ಎಲೆಕ್ಟ್ರಾನನ್ನು ಹೊರಗೆ ಬಿಡುವುದು. ಲ್ಯಾಬಿನಲ್ಲಿ ಇದನ್ನು ಅಸೋಸಿಯೇಟಿವ್ ಡಿಟ್ಯಾಚ್‌ಮೆಂಟ್ ಅನ್ನುತ್ತಾರೆ. ಇದರಲ್ಲಿ ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಬಿಡುಗಡೆ. ಇನ್ನೊಂದು, ಒಂದು ಹೈಡ್ರೋಜನ್ ಪರಮಾಣುವನ್ನು ಮಾತ್ರ ಕಿತ್ತುಕೊಂಡು ಹೈಡ್ರಾಕ್ಸೈಡ್ ಆಗುವುದು. ಇದರಲ್ಲಿ ಸುಮಾರು 0.3 ಮಾತ್ರ. ಎರಡೂ ಶಕ್ತಿ ಬಿಡುವ ಕ್ರಿಯೆಗಳೇ. ಆದರೆ ಮೊದಲನೆಯದೇ ಬಹುಪಾಲು ನಡೆಯುತ್ತದೆ, ಎರಡನೆಯದು ಶೇಕಡಾ ಐದರ ಆಸುಪಾಸು. ಈ ಉದಾಹರಣೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಂತ 2: ಮೇಲಿನ ಮಿತಿ ಎಷ್ಟು?

ಯಾವ ಕ್ರಿಯೆಯೂ ಡಿಕ್ಕಿಗಿಂತ ವೇಗವಾಗಿ ನಡೆಯಲು ಸಾಧ್ಯವಿಲ್ಲ. ಅಯಾನಿನ ವಿದ್ಯುದಾವೇಶ ಹೈಡ್ರೋಜನ್ ಅಣುವಿನ ಎಲೆಕ್ಟ್ರಾನ್ ಮೋಡವನ್ನು ಸ್ವಲ್ಪ ಎಳೆದು, ಅಣುವನ್ನು ತನ್ನ ಕಡೆಗೆ ಸೆಳೆಯುತ್ತದೆ. ಈ ಸೆಳೆತದಿಂದ ಬರುವ ಡಿಕ್ಕಿಯ ದರವನ್ನು ಲಾಂಜೆವಾನ್ ದರ ಅನ್ನುತ್ತಾರೆ. ಹೈಡ್ರೋಜನ್‌ಗೆ ಶಾಶ್ವತ ಡೈಪೋಲ್ (ಒಂದು ಕಡೆ ಧನ, ಇನ್ನೊಂದು ಕಡೆ ಋಣ ಆವೇಶ) ಇಲ್ಲದ ಕಾರಣ ಈ ಸರಳ ಸೂತ್ರವೇ ಸಾಕು.

ಸೂತ್ರ ಹೀಗಿದೆ: ಪೋಲರೈಸಬಿಲಿಟಿಯನ್ನು (ಎಲೆಕ್ಟ್ರಾನ್ ಮೋಡ ಎಷ್ಟು ಸುಲಭವಾಗಿ ಎಳೆತಕ್ಕೆ ಸಿಗುತ್ತದೆ ಅನ್ನುವ ಅಳತೆ) ರೆಡ್ಯೂಸ್ಡ್ ಮಾಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, 2.34×10⁻⁹ರಿಂದ ಗುಣಿಸಿ. ಪೋಲರೈಸಬಿಲಿಟಿ ಘನ ಆಂಗ್‌ಸ್ಟ್ರಾಮ್‌ನಲ್ಲಿ, ರಾಶಿ ಪರಮಾಣು ರಾಶಿಮಾನದಲ್ಲಿ ಇರಬೇಕು. ಉತ್ತರ ಸೆಕೆಂಡಿಗೆ ಘನ ಸೆಂಟಿಮೀಟರ್‌ನಲ್ಲಿ ಬರುತ್ತದೆ. ರೆಡ್ಯೂಸ್ಡ್ ಮಾಸ್ ಅಂದರೆ ಎರಡು ರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು. ಹೈಡ್ರೋಜನ್ ಅಣುವಿನ ಪೋಲರೈಸಬಿಲಿಟಿ 0.79. ಆಮ್ಲಜನಕ ಅಯಾನಿನ ಜೊತೆ ರೆಡ್ಯೂಸ್ಡ್ ಮಾಸ್ 1.79. ಉತ್ತರ 1.56×10⁻⁹.

ಆಮ್ಲಜನಕ ಅಯಾನಿಗೆ ಅಳೆದ ಒಟ್ಟು ದರ ಸುಮಾರು 7×10⁻¹⁰. ಅಂದರೆ ಹತ್ತಿರ ಹತ್ತಿರ ಎರಡು ಡಿಕ್ಕಿಗೆ ಒಂದು ಫಲಿಸುತ್ತದೆ. ಅದೇ ತೂಕದ ಅಮೈಡ್ ಅಯಾನು, ಅಂದರೆ ಅಮೋನಿಯಾದಿಂದ ಒಂದು ಪ್ರೋಟಾನ್ ಕಳೆದಾಗ ಉಳಿಯುವುದು, ಹೈಡ್ರೋಜನ್ ಜೊತೆ ಅಮೋನಿಯಾ ಮತ್ತು ಹೈಡ್ರೈಡ್ ಕೊಡುತ್ತದೆ. ಅದರ ದರ ಕೋಣೆಯ ಉಷ್ಣತೆಯಲ್ಲಿ 2.3×10⁻¹¹ರಷ್ಟು. ಶೇಕಡಾ ಒಂದೂವರೆ ಡಿಕ್ಕಿಗಳು ಮಾತ್ರ ಫಲಿಸುತ್ತವೆ. ಈ ಮಿತಿಗಿಂತ ಜಾಸ್ತಿ ದರ ನಿಮಗೆ ಬಂದರೆ ಸಂಭ್ರಮ ಬೇಡ. ಫ್ಲೋ ಮೀಟರ್ ನೋಡಿ.

ಹಂತ 3: ಯಂತ್ರ ಆರಿಸುವುದು

1960ರ ದಶಕದಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಫರ್ಗುಸನ್, ಫೆಸೆನ್‌ಫೆಲ್ಡ್ ಮತ್ತು ಶ್ಮೆಲ್ಟೆಕಾಫ್ ಫ್ಲೋಯಿಂಗ್ ಆಫ್ಟರ್‌ಗ್ಲೋ ವಿಧಾನ ತಂದರು. ಒಂದು ಮೀಟರ್ ಆಸುಪಾಸಿನ ಕೊಳವೆ, ಅದರಲ್ಲಿ ಅರ್ಧ ಟಾರ್ ಒತ್ತಡದಲ್ಲಿ ಜೋರಾಗಿ ಹರಿಯುವ ಹೀಲಿಯಂ. ಮೇಲ್ತುದಿಯಲ್ಲಿ ಅಯಾನು ತಯಾರಿ, ಮಧ್ಯದಲ್ಲಿ ಹೈಡ್ರೋಜನ್ ಸೇರ್ಪಡೆ, ಕೆಳತುದಿಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್. ಹೀಲಿಯಂ ಜೊತೆ ಸಾವಿರಾರು ಡಿಕ್ಕಿಗಳಾಗಿ ಅಯಾನುಗಳು ಕೋಣೆಯ ಉಷ್ಣತೆಗೆ ಬರುತ್ತವೆ. ಈ ವಿಧಾನದ ದೊಡ್ಡ ಬಲವೇ ಅದು.

1976ರಲ್ಲಿ ಆಡಮ್ಸ್ ಮತ್ತು ಸ್ಮಿತ್ ಇದನ್ನೇ ಸುಧಾರಿಸಿದರು. ಅಯಾನನ್ನು ಬೇರೆ ಕೋಣೆಯಲ್ಲಿ ತಯಾರಿಸಿ, ಬೇಕಾದ ರಾಶಿಯದನ್ನು ಮಾತ್ರ ಆರಿಸಿ ಕೊಳವೆಗೆ ಬಿಡುವುದು. ಇದೇ ಸಿಫ್ಟ್. ನನ್ನ ಅಭಿಪ್ರಾಯದಲ್ಲಿ ಹೈಡ್ರೋಜನ್ ಕೆಲಸಕ್ಕೆ ಸಾಧ್ಯವಿದ್ದರೆ ಸಿಫ್ಟೇ ಒಳ್ಳೆಯದು, ಕಾರಣ ಮುಂದಿನ ಹಂತದಲ್ಲಿದೆ. ತೀರಾ ನಿಧಾನದ ಕ್ರಿಯೆಗೆ ಅಥವಾ ತೀರಾ ತಣ್ಣನೆಯ ಸ್ಥಿತಿಗೆ ಅಯಾನು ಬಲೆ, ಅಂದರೆ ಅಯಾನುಗಳನ್ನು ವಿದ್ಯುತ್ ಕ್ಷೇತ್ರದಿಂದ ಹಿಡಿದಿಡುವ ಸಾಧನ, ಬೇಕು. ಅದರಲ್ಲಿ ಡೀಟರ್ ಗೆರ್ಲಿಷ್ ರೂಪಿಸಿದ 22 ಕಂಬಿಗಳ ಬಲೆ ಹೆಸರುವಾಸಿ.

ಹಂತ 4: ಅಯಾನು ತಯಾರಿ

ಆಮ್ಲಜನಕ ಅಯಾನಿಗೆ ನೈಟ್ರಸ್ ಆಕ್ಸೈಡ್ ಮೇಲೆ ಎಲೆಕ್ಟ್ರಾನ್ ಹಾಯಿಸಿ. ಅಣು ಒಡೆದು ನೈಟ್ರೋಜನ್ ಮತ್ತು ಅಯಾನು ಸಿಗುತ್ತವೆ. ಹೈಡ್ರಾಕ್ಸೈಡ್ ಬೇಕಿದ್ದರೆ ಅದಕ್ಕೇ ಮೀಥೇನ್ ಸೇರಿಸಿ. ಆಮ್ಲಜನಕ ಅಯಾನು ಮೀಥೇನ್‌ನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಅಮೈಡ್‌ಗೆ ಅಮೋನಿಯಾ ಸಾಕು.

ತೊಂದರೆ ಇರುವುದು ಉಳಿದ ಮೂಲ ಅನಿಲದಲ್ಲಿ. ಅಮೈಡ್ ಹೈಡ್ರೋಜನ್ ಜೊತೆ ವರ್ತಿಸಿದಾಗ ಹೈಡ್ರೈಡ್ ಬರುತ್ತದೆ, ಅಲ್ವಾ? ಕೊಳವೆಯಲ್ಲಿ ಅಮೋನಿಯಾ ಉಳಿದಿದ್ದರೆ ಆ ಹೈಡ್ರೈಡ್ ಮತ್ತೆ ಅಮೋನಿಯಾದಿಂದ ಪ್ರೋಟಾನ್ ಕಿತ್ತು ಅಮೈಡ್ ಮಾಡಿಬಿಡುತ್ತದೆ. ಹಿಮ್ಮುಖ ದರ ಸುಮಾರು 9×10⁻¹³. ಚಿಕ್ಕದಾದರೂ ಅಮೋನಿಯಾ ಜಾಸ್ತಿ ಇದ್ದರೆ ಗ್ರಾಫ್ ಬಾಗಿಸಲು ಸಾಕು. ಸಿಫ್ಟ್‌ನಲ್ಲಿ ಅಮೋನಿಯಾ ಕೊಳವೆಗೇ ಬರುವುದಿಲ್ಲ. ಹಾಗಂತ ಈ ಹಿಮ್ಮುಖ ಕ್ರಿಯೆ ಬರೀ ಕಾಟವೂ ಅಲ್ಲ. ಮುಮ್ಮುಖ ದರವನ್ನು ಹಿಮ್ಮುಖ ದರದಿಂದ ಭಾಗಿಸಿದರೆ ಸಮತೋಲನ ಸ್ಥಿರಾಂಕ 26ರ ಹತ್ತಿರ ಬರುತ್ತದೆ. ಅದರಿಂದ ಅಮೋನಿಯಾ ಮತ್ತು ಹೈಡ್ರೋಜನ್‌ಗಳ ಆಮ್ಲೀಯತೆಯ ವ್ಯತ್ಯಾಸವೇ ಸಿಕ್ಕಿಬಿಡುತ್ತದೆ.

ಹಂತ 5: ಹೈಡ್ರೋಜನ್‌ನ ಶುದ್ಧತೆ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ.

ಹತ್ತು ಸಾವಿರದಲ್ಲಿ ಒಂದು ಪಾಲು ನೀರಿನ ಆವಿ ಹೈಡ್ರೋಜನ್‌ನಲ್ಲಿ ಇದೆ ಅಂದುಕೊಳ್ಳಿ. ನೀರಿನ ಜೊತೆ ನಿಮ್ಮ ಅಯಾನು 10⁻⁹ ದರದಲ್ಲಿ ವರ್ತಿಸುತ್ತದೆ ಅಂದುಕೊಳ್ಳಿ. ಆಗ ಹೈಡ್ರೋಜನ್ ಏನೂ ಮಾಡದಿದ್ದರೂ ನಿಮಗೆ 10⁻¹³ ಅನ್ನುವ ದರ ಸಿಗುತ್ತದೆ. ಗ್ರಾಫ್ ನೆಟ್ಟಗೇ ಇರುತ್ತದೆ, ಪ್ರತಿ ಸಲ ಅದೇ ಉತ್ತರ ಬರುತ್ತದೆ, ಎಲ್ಲವೂ ಚೆನ್ನಾಗಿ ಕಾಣುತ್ತದೆ. ಆದರೆ ಸಂಖ್ಯೆ ಸುಳ್ಳು.

ಉತ್ಪನ್ನದ ಕಡೆಗೂ ನೀರು ಕೈ ಹಾಕುತ್ತದೆ. ಹೈಡ್ರೈಡ್ ನೀರಿನ ಜೊತೆ 3.8×10⁻⁹ರಷ್ಟು ವೇಗದಲ್ಲಿ ಹೈಡ್ರಾಕ್ಸೈಡ್ ಆಗುತ್ತದೆ. ಇದು ಹೆಚ್ಚುಕಡಿಮೆ ಪ್ರತಿ ಡಿಕ್ಕಿಗೂ ಆಗುವ ಕ್ರಿಯೆ. ಹಾಗಾಗಿ ಹೈಡ್ರೈಡ್ ಕೊಡುವ ಕ್ರಿಯೆಯಲ್ಲಿ ಪರದೆಯ ಮೇಲೆ ಹೈಡ್ರಾಕ್ಸೈಡ್ ಶಿಖರ ನೋಡಿ, ಅದೇ ಮೊದಲ ಉತ್ಪನ್ನ ಅಂತ ಬರೆದುಬಿಡುವ ಅಪಾಯ ಇದೆ.

ಮಾಡಬೇಕಾದ್ದು: ಹೈಡ್ರೋಜನ್ ಮತ್ತು ಹೀಲಿಯಂ ಎರಡನ್ನೂ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿದ ಮಾಲಿಕ್ಯುಲರ್ ಸೀವ್ (ಕಲ್ಮಶ ಹೀರುವ ಸೂಕ್ಷ್ಮರಂಧ್ರಗಳ ವಸ್ತು) ಮೂಲಕ ಹಾಯಿಸಿ. ಹೈಡ್ರೋಜನ್‌ಗೆ ಬಿಸಿ ಪಲ್ಲಾಡಿಯಂ ಶುದ್ಧಕಾರಕ ಇದ್ದರೆ ಇನ್ನೂ ಒಳ್ಳೆಯದು. ಪೈಪುಗಳನ್ನು ಬಿಸಿಮಾಡಿ ಪಂಪ್‌ನಿಂದ ಚೆನ್ನಾಗಿ ಎಳೆಸಿ. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಹೈಡ್ರೋಜನ್ ಇದ್ದರೆ ಹೊತ್ತಿಕೊಳ್ಳುತ್ತದೆ. ಪಂಪ್‌ನ ಹೊಗೆಕೊಳವೆ ಕಟ್ಟಡದ ಹೊರಗೆ ಇರಲೇಬೇಕು.

ಇನ್ನೊಂದು ಸುಂದರ ಪರೀಕ್ಷೆ ಇದೆ. ಹೈಡ್ರೋಜನ್ ಬದಲು ಅದರ ಎರಡು ಪಟ್ಟು ಭಾರದ ರೂಪ ಡ್ಯುಟೀರಿಯಂ ಬಿಡಿ. ಆಮ್ಲಜನಕ ಅಯಾನು ಈಗ ರಾಶಿ 18ರಲ್ಲಿ ಉತ್ಪನ್ನ ಕೊಡಬೇಕು. ಆಗಲೂ 17ರಲ್ಲಿ ಶಿಖರ ನಿಂತಿದ್ದರೆ ಅದು ಎಲ್ಲೋ ಇರುವ ಕಲ್ಮಶದ ಕೊಡುಗೆ. ಇದೇ ಉಪಾಯದಿಂದ ಮುಚ್ಚಿಕೊಂಡ ಕ್ರಿಯೆಯೂ ಹೊರಬರುತ್ತದೆ. ಹೈಡ್ರಾಕ್ಸೈಡ್ ಸಾಮಾನ್ಯ ಹೈಡ್ರೋಜನ್ ಜೊತೆ ಏನೂ ಮಾಡದಂತೆ ಕಾಣುತ್ತದೆ. ಡ್ಯುಟೀರಿಯಂ ಕೊಟ್ಟಾಗ ಮಾತ್ರ ಅದು ತನ್ನ ಹೈಡ್ರೋಜನ್ ಬದಲಿಸಿಕೊಂಡಿರುವುದು ಗೊತ್ತಾಗುತ್ತದೆ. ಡಿಕ್ಕಿಯ ಹೊತ್ತಿನಲ್ಲಿ ಎರಡೂ ಸ್ವಲ್ಪ ಕಾಲ ಅಂಟಿಕೊಂಡು, ಒಳಗೇ ಅದಲು ಬದಲು ನಡೆಸಿ ಬೇರೆಯಾಗುತ್ತವೆ.

ಹಂತ 6: ಅಳತೆ ಮತ್ತು ಲೆಕ್ಕ

ಹೈಡ್ರೋಜನ್ ಅಯಾನಿಗಿಂತ ಅಪಾರವಾಗಿ ಜಾಸ್ತಿ ಇರುವುದರಿಂದ ಅದರ ಸಾಂದ್ರತೆ ಬದಲಾಗುವುದಿಲ್ಲ. ಹಾಗಾಗಿ ಅಯಾನಿನ ಸಂಕೇತದ ನೈಸರ್ಗಿಕ ಲಾಗರಿದಮ್ ಹೈಡ್ರೋಜನ್ ಹರಿವಿನ ಜೊತೆ ನೇರ ಗೆರೆಯಲ್ಲಿ ಇಳಿಯಬೇಕು. ಆ ಇಳಿಜಾರಿನಲ್ಲೇ ದರ ಸ್ಥಿರಾಂಕ ಇದೆ.

ಒಂದು ಮಾದರಿ ಲೆಕ್ಕ ಪೂರ್ತಿ ಮಾಡೋಣ. ಕೊಳವೆಯ ಒಳವ್ಯಾಸ 7.3 ಸೆಂ.ಮೀ., ಒತ್ತಡ 0.5 ಟಾರ್, ಉಷ್ಣತೆ 300 ಕೆಲ್ವಿನ್. ಹೀಲಿಯಂ ಹರಿವು 12,000 ಎಸ್‌ಸಿಸಿಎಂ, ಅಂದರೆ ಪ್ರಮಾಣಿತ ಸ್ಥಿತಿಯಲ್ಲಿ ನಿಮಿಷಕ್ಕೆ ಅಷ್ಟು ಘನ ಸೆಂ.ಮೀ. ಆ ಒತ್ತಡಕ್ಕೆ ಹಿಗ್ಗಿದಾಗ ಅದು ಸೆಕೆಂಡಿಗೆ 3.34 ಲಕ್ಷ ಘನ ಸೆಂ.ಮೀ. ಆಗುತ್ತದೆ. ಕೊಳವೆಯ ಅಡ್ಡಕೊಯ್ತ ಸುಮಾರು 42 ಚದರ ಸೆಂ.ಮೀ. ಆದ್ದರಿಂದ ಅನಿಲದ ಸರಾಸರಿ ವೇಗ ಸೆಕೆಂಡಿಗೆ 80 ಮೀಟರ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಯಾನಿನ ವೇಗ ಇದಲ್ಲ. ಗೋಡೆಗೆ ತಾಗಿದ ಅಯಾನು ಸತ್ತೇಹೋಗುತ್ತದೆ, ಹಾಗಾಗಿ ಉಳಿದವು ಹರಿವು ಜೋರಾಗಿರುವ ನಡುಭಾಗದಲ್ಲೇ ಇರುತ್ತವೆ. ಅವುಗಳ ವೇಗ ಸರಾಸರಿಯ ಸುಮಾರು ಒಂದೂವರೆ ಪಟ್ಟು. ಇದನ್ನು ಅಂದಾಜು ಮಾಡಬೇಡಿ. ಅಯಾನು ಹರಿವಿಗೆ ಒಂದು ಚಿಕ್ಕ ವಿದ್ಯುತ್ ಪಲ್ಸ್ ಕೊಟ್ಟು, ಅದರ ಗುರುತು ಕೆಳಗೆ ತಲುಪುವ ಸಮಯ ಅಳೆಯಿರಿ. ಅದರಿಂದ ವೇಗ ಸೆಕೆಂಡಿಗೆ 120 ಮೀಟರ್ ಬಂತು ಅನ್ನೋಣ. 50 ಸೆಂ.ಮೀ. ದೂರಕ್ಕೆ 4.2 ಮಿಲಿಸೆಕೆಂಡ್.

ಕೊಳವೆಯಲ್ಲಿ ಪ್ರತಿ ಘನ ಸೆಂ.ಮೀ.ಗೆ 1.61×10¹⁶ ಕಣಗಳಿವೆ. ಹೈಡ್ರೋಜನ್ 1 ಎಸ್‌ಸಿಸಿಎಂ ಬಿಟ್ಟರೆ ಅದರ ಪಾಲು ಹನ್ನೆರಡು ಸಾವಿರದಲ್ಲಿ ಒಂದು, ಅಂದರೆ 1.34×10¹² ಅಣುಗಳು. ಈಗ ಆಮ್ಲಜನಕ ಅಯಾನಿನ ಎಣಿಕೆ ನೋಡಿ:

ಹೈಡ್ರೋಜನ್ 0 ಇದ್ದಾಗ 10,000
0.1 ಎಸ್‌ಸಿಸಿಎಂ: 6,740
0.2 ಎಸ್‌ಸಿಸಿಎಂ: 4,550
0.3 ಎಸ್‌ಸಿಸಿಎಂ: 3,070
0.4 ಎಸ್‌ಸಿಸಿಎಂ: 2,070

ಲಾಗರಿದಮ್ ತೆಗೆದು ಗೆರೆ ಎಳೆದರೆ ಇಳಿಜಾರು ಪ್ರತಿ ಎಸ್‌ಸಿಸಿಎಂಗೆ 3.94. ಇದನ್ನು 1.34×10¹² ಮತ್ತು 0.0042ರ ಗುಣಲಬ್ಧದಿಂದ ಭಾಗಿಸಿ. 7.0×10⁻¹⁰ ಸಿಗುತ್ತದೆ. ಗೋಡೆಗೆ ಹೋಗುವ ನಷ್ಟ ಹೈಡ್ರೋಜನ್ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅದು ಇಳಿಜಾರಿನಲ್ಲಿ ಸೇರುವುದಿಲ್ಲ. ಹರಿವು ಬದಲಿಸುವ ಬದಲು ದೂರ ಬದಲಿಸಿ ಅಳೆದರೆ ಮಾತ್ರ ಆ ನಷ್ಟವನ್ನು ಬೇರೆಯಾಗಿ ಕಳೆಯಬೇಕು.

ಅದೇ ಕೊಳವೆಯಲ್ಲಿ ಅಮೈಡ್‌ಗೆ 10 ಎಸ್‌ಸಿಸಿಎಂ ಬೇಕಾಗುತ್ತದೆ. ಒಂದೇ ಫ್ಲೋ ಮೀಟರ್ 0.1ಕ್ಕೂ 10ಕ್ಕೂ ಸರಿಯಾಗಿ ಓದುತ್ತದೆ ಅಂತ ನಂಬಬೇಡಿ. ಗೊತ್ತಿರುವ ಗಾತ್ರದ ಪಾತ್ರೆಗೆ ಅನಿಲ ತುಂಬಿಸಿ, ಒತ್ತಡ ಏರುವ ವೇಗದಿಂದ ಹರಿವನ್ನು ಪರೀಕ್ಷಿಸಿ.

ಗೆರೆ ಬಾಗಿದರೆ ಅದೂ ಒಂದು ಸುದ್ದಿಯೇ. ಮೇಲಿನ ಹರಿವಿನಲ್ಲಿ ಇಳಿತ ನಿಧಾನವಾದರೆ ಒಂದೋ ಹಿಮ್ಮುಖ ಕ್ರಿಯೆ ಇದೆ, ಇಲ್ಲವೇ ಒಂದೇ ರಾಶಿಯ ಎರಡು ಬಗೆಯ ಅಯಾನುಗಳಿವೆ. ಸುಮ್ನೆ ಮೊದಲ ಮೂರು ಬಿಂದು ಇಟ್ಟುಕೊಂಡು ಗೆರೆ ಎಳೆಯಬೇಡಿ.

ಹಂತ 7: ಕಾಣದ ಉತ್ಪನ್ನ

ಮೇಲಿನ ಉದಾಹರಣೆಯಲ್ಲಿ ಸುಮಾರು 7,900 ಅಯಾನುಗಳು ಕಳೆದುಹೋದವು. ಹೈಡ್ರಾಕ್ಸೈಡ್ ಆಗಿ ಬಂದವು ನಾನೂರರ ಆಸುಪಾಸು. ಉಳಿದವು ಎಲೆಕ್ಟ್ರಾನ್ ಕಳೆದುಕೊಂಡು ನೀರಾದವು. ನೀರಿಗೆ ಆವೇಶ ಇಲ್ಲ, ಕಾಣುವುದಿಲ್ಲ. ಎಲೆಕ್ಟ್ರಾನ್ ಮಾಸ್ ಸ್ಪೆಕ್ಟ್ರೋಮೀಟರ್‌ನ ರಾಶಿ ಪಟ್ಟಿಯಲ್ಲೇ ಇಲ್ಲ.

ಎಲೆಕ್ಟ್ರಾನ್ ಹಿಡಿಯಲು ಕೊಳವೆಯ ಕೊನೆಯ ಭಾಗದಲ್ಲಿ ಸ್ವಲ್ಪ ಸಲ್ಫರ್ ಹೆಕ್ಸಾಫ್ಲೋರೈಡ್ ಬಿಡಿ. ಅದು ಎಲೆಕ್ಟ್ರಾನನ್ನು 10⁻⁷ರ ಮಟ್ಟದ ದರದಲ್ಲಿ ನುಂಗಿ ರಾಶಿ 146ರಲ್ಲಿ ಕಾಣಿಸಿಕೊಳ್ಳುತ್ತದೆ. ಹೈಡ್ರೋಜನ್ ಹರಿವು ಏರಿದಂತೆ ಈ ಶಿಖರ ಬೆಳೆದರೆ ಎಲೆಕ್ಟ್ರಾನ್ ಬಿಡುಗಡೆ ಆಗುತ್ತಿದೆ ಅಂತಲೇ ಅರ್ಥ. ಆದರೆ ಪ್ರಮಾಣ ನಿಖರವಾಗಿ ಹೇಳುವಾಗ ಎಚ್ಚರ. ಎಲೆಕ್ಟ್ರಾನ್ ಅಯಾನಿಗಿಂತ ಬಹಳ ಬೇಗ ಗೋಡೆಗೆ ಹೋಗುತ್ತದೆ. ಮೂಲ ಅಯಾನೇ ಸಲ್ಫರ್ ಹೆಕ್ಸಾಫ್ಲೋರೈಡ್ ಜೊತೆ ವರ್ತಿಸುತ್ತದೆಯೇ ಅಂತಲೂ ಮೊದಲು ನೋಡಿಕೊಳ್ಳಬೇಕು.

ಹೈಡ್ರೈಡ್ ಉತ್ಪನ್ನದ ಸಮಸ್ಯೆ ಬೇರೆ. ರಾಶಿ 1ರಲ್ಲಿ ಕ್ವಾಡ್ರುಪೋಲ್ (ಮಾಸ್ ಸ್ಪೆಕ್ಟ್ರೋಮೀಟರಿನ ರಾಶಿ ಶೋಧಕ) ಸರಿಯಾಗಿ ಶೋಧಿಸುವುದಿಲ್ಲ, ಎಲ್ಲ ರಾಶಿಗಳೂ ನುಸುಳುತ್ತವೆ. ಡ್ಯುಟೀರಿಯಂ ಬಳಸಿ ಉತ್ಪನ್ನವನ್ನು ರಾಶಿ 2ಕ್ಕೆ ತಂದರೆ ಸ್ವಲ್ಪ ಸುಲಭ. ಉತ್ಪನ್ನಗಳ ಪಾಲು ಹೇಳುವಾಗ ಬೇರೆ ಬೇರೆ ಹರಿವಿನಲ್ಲಿ ಅಳೆದು, ಶೂನ್ಯ ಹರಿವಿನ ಕಡೆಗೆ ಗೆರೆ ಎಳೆದು ಓದಿ. ಎರಡನೇ ಸುತ್ತಿನ ಕ್ರಿಯೆಗಳ ಕಲಬೆರಕೆ ಆಗ ಬಿಟ್ಟುಹೋಗುತ್ತದೆ.

ಹಂತ 8: ಹೈಡ್ರೋಜನ್ ಪರಮಾಣು ಜೊತೆ

ಅಣು ಸೋಮಾರಿಯಾದರೆ ಪರಮಾಣು ತದ್ವಿರುದ್ಧ. ಮುರಿಯಲು ಬಂಧವೇ ಇಲ್ಲ. ಬಾಹ್ಯಾಕಾಶದ ಕಾರ್ಬನ್ ಸರಪಳಿಗಳನ್ನು ಹೈಡ್ರೋಜನ್ ಅಣು ಮುಟ್ಟುವುದಿಲ್ಲ, ಪರಮಾಣು ಮುಟ್ಟುತ್ತದೆ.

ಪರಮಾಣುಗಳನ್ನು ಮೈಕ್ರೋವೇವ್ ಡಿಸ್ಚಾರ್ಜ್‌ನಿಂದ ಅಥವಾ ಬಿಸಿ ಟಂಗ್‌ಸ್ಟನ್ ಕೊಳವೆಯಿಂದ ಪಡೆಯುತ್ತಾರೆ. ಎಷ್ಟು ಪರಮಾಣು ಕೊಳವೆಗೆ ಬಂತು ಅನ್ನುವುದು ಫ್ಲೋ ಮೀಟರ್‌ಗೆ ಗೊತ್ತಾಗುವುದಿಲ್ಲ. ಗೋಡೆಯ ಮೇಲೆ ಎಷ್ಟೋ ಪರಮಾಣುಗಳು ಮತ್ತೆ ಅಣುವಾಗುತ್ತವೆ, ಅದಕ್ಕೇ ಒಳಮೈಗೆ ಟೆಫ್ಲಾನ್ ಹಚ್ಚುತ್ತಾರೆ. ಹಾಗಾಗಿ ಹೋಲಿಸಿ ಅಳೆಯುವುದೇ ದಾರಿ. ಕ್ಲೋರೈಡ್ ಅಯಾನು ಹೈಡ್ರೋಜನ್ ಪರಮಾಣು ಜೊತೆ 9.6×10⁻¹⁰ ದರದಲ್ಲಿ ಹೈಡ್ರೋಜನ್ ಕ್ಲೋರೈಡ್ ಆಗಿ ಎಲೆಕ್ಟ್ರಾನ್ ಬಿಡುತ್ತದೆ. ಅಣುವಿನ ಜೊತೆ ಏನೂ ಮಾಡುವುದಿಲ್ಲ. ಡಿಸ್ಚಾರ್ಜ್ ಹಾಕಿ, ಆರಿಸಿ ಎರಡೂ ಸಲ ಅಳೆಯಿರಿ. ಕ್ಲೋರೈಡ್ ಶೇಕಡಾ 60ಕ್ಕೆ ಇಳಿದರೆ ಲಾಗರಿದಮ್ 0.51. ಅದೇ ಸ್ಥಿತಿಯಲ್ಲಿ ನಿಮ್ಮ ಅಯಾನು ಶೇಕಡಾ 45ಕ್ಕೆ ಇಳಿದರೆ 0.80. ಅನುಪಾತ 1.56, ದರ 1.5×10⁻⁹. ಪರಮಾಣುಗಳ ಸಂಖ್ಯೆ ಗೊತ್ತಿಲ್ಲದೆಯೇ ಉತ್ತರ ಸಿಕ್ಕಿತು.

ನಿಮ್ಮ ಅಯಾನು ಅಣುವಿನ ಜೊತೆಯೂ ವರ್ತಿಸಿದರೆ ಈ ಸುಖ ಇಲ್ಲ. ಡಿಸ್ಚಾರ್ಜ್ ಹಾಕಿದಾಗ ಅಣುಗಳ ಸಂಖ್ಯೆಯೂ ಸ್ವಲ್ಪ ತಗ್ಗುತ್ತದೆ, ಅದನ್ನು ಲೆಕ್ಕಕ್ಕೆ ತರಬೇಕು. ಹೈಡ್ರೈಡ್ ಮತ್ತು ಪರಮಾಣುವಿನ ಕ್ರಿಯೆಗಂತೂ 2010ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಎರಡು ಕಿರಣಗಳನ್ನು ಒಂದರೊಳಗೊಂದು ಹಾಯಿಸುವ ವಿಧಾನವನ್ನೇ ಬಳಸಿತು.

ಹಂತ 9: ತಣ್ಣಗೆ ಮಾಡುವುದು

ಹೈಡ್ರೋಜನ್ ಕ್ರಿಯೆಗಳು ಕೋಣೆಯ ಉಷ್ಣತೆಯಲ್ಲಿ ಹೇಳುವ ಕಥೆ ಒಂದು, ತಣ್ಣಗಾದಾಗ ಇನ್ನೊಂದು. 2008ರಲ್ಲಿ ರೋಲಂಡ್ ವೆಸ್ಟರ್ ಅವರ ತಂಡ ಅಮೈಡ್ ಕ್ರಿಯೆಯನ್ನು ಬಲೆಯಲ್ಲಿ 8 ಕೆಲ್ವಿನ್‌ವರೆಗೆ ಅಳೆಯಿತು. ತಣ್ಣಗಾದಂತೆ ದರ ಏರಿತು, ಏಕೆಂದರೆ ಅಂಟಿಕೊಂಡ ಜೋಡಿ ಜಾಸ್ತಿ ಹೊತ್ತು ಬಾಳುತ್ತದೆ. ಆದರೆ 20 ಕೆಲ್ವಿನ್ ಆಸುಪಾಸಿನಿಂದ ಕೆಳಗೆ ದರ ಮತ್ತೆ ಇಳಿಯಿತು. ಸಾಮಾನ್ಯ ಮಾದರಿಗಳು ಇದನ್ನು ನಿರೀಕ್ಷಿಸಿರಲಿಲ್ಲ. ಆದ್ದರಿಂದ 300 ಕೆಲ್ವಿನ್‌ನ ಒಂದು ಸಂಖ್ಯೆ ಹಿಡಿದು ತಣ್ಣನೆಯ ಮೋಡಕ್ಕೆ ಗೆರೆ ಎಳೆಯಬೇಡಿ.

ಈ ತಂಪಿನಲ್ಲಿ ಹೈಡ್ರೋಜನ್‌ನ ಎರಡು ರೂಪಗಳನ್ನೂ ಗಮನಿಸಿ. ಸಾಮಾನ್ಯ ಹೈಡ್ರೋಜನ್‌ನಲ್ಲಿ ಮುಕ್ಕಾಲು ಪಾಲು ಆರ್ಥೋ (ಎರಡು ಪ್ರೋಟಾನುಗಳ ಸ್ಪಿನ್ ಒಂದೇ ದಿಕ್ಕಿಗೆ), ಉಳಿದದ್ದು ಪ್ಯಾರಾ (ವಿರುದ್ಧ ದಿಕ್ಕಿಗೆ). ಅದರ ತಳಮಟ್ಟ ಪ್ಯಾರಾಗಿಂತ 170 ಕೆಲ್ವಿನ್‌ನಷ್ಟು ಮೇಲಿದೆ. ಅನಿಲ ತಣ್ಣಗಾದರೂ ಈ ಶಕ್ತಿ ತಾನಾಗಿ ಇಳಿಯುವುದಿಲ್ಲ. 10 ಕೆಲ್ವಿನ್ ಬಲೆಯಲ್ಲಿ ಅದು ದೊಡ್ಡ ಗಂಟು. ಸ್ವಲ್ಪ ಶಕ್ತಿ ಬೇಡುವ ಕ್ರಿಯೆಗಳು ಬರೀ ಆರ್ಥೋ ಇರುವುದರಿಂದ ನಡೆದುಬಿಡಬಹುದು. ತಣ್ಣನೆಯ ವೇಗವರ್ಧಕದ ಮೇಲೆ ಹಾಯಿಸಿ ಪ್ಯಾರಾ ಮಾಡಿಕೊಂಡು ಮತ್ತೊಮ್ಮೆ ಅಳೆದರೆ ವ್ಯತ್ಯಾಸ ತಿಳಿಯುತ್ತದೆ.

ಹಂತ 10: ಬರೆದಿಡುವುದು

ಫ್ಲೋ ಕೊಳವೆಯ ಫಲಿತಾಂಶಕ್ಕೆ ಶೇಕಡಾ 20ರಿಂದ 25 ಅನಿಶ್ಚಿತತೆ ಸಹಜ. ಬಿಂದುಗಳು ಗೆರೆಯ ಮೇಲೆ ಎಷ್ಟೇ ಚೆನ್ನಾಗಿ ಕೂತಿರಲಿ, ಒತ್ತಡ, ಹರಿವು, ವೇಗಗಳ ತಪ್ಪು ಅದರಲ್ಲಿ ಕಾಣುವುದಿಲ್ಲ. ಶೇಕಡಾ 3 ಅಂತ ಬರೆದರೆ ಬಲ್ಲವರು ನಂಬುವುದಿಲ್ಲ.

ಏನೂ ಇಳಿತ ಕಾಣದಿದ್ದರೆ ಸೊನ್ನೆ ಅಂತ ಬರೆಯಬಾರದು, ಮಿತಿ ಕೊಡಬೇಕು. ನಮ್ಮ ಮಾದರಿ ಕೊಳವೆಯಲ್ಲಿ 180 ಎಸ್‌ಸಿಸಿಎಂ ಹೈಡ್ರೋಜನ್ ಬಿಟ್ಟರೆ ಸಾಂದ್ರತೆ 2.4×10¹⁴. ಆಗಲೂ ಸಂಕೇತ ಶೇಕಡಾ 10ಕ್ಕಿಂತ ಜಾಸ್ತಿ ಇಳಿಯದಿದ್ದರೆ ದರ 1×10⁻¹³ಕ್ಕಿಂತ ಕಡಿಮೆ ಅನ್ನಬಹುದು. ಅದರ ಪಕ್ಕದಲ್ಲೇ ಹೈಡ್ರೋಜನ್‌ನ ಶುದ್ಧತೆ ಎಷ್ಟಿತ್ತು, ಯಾವ ಶುದ್ಧಕಾರಕದಿಂದ ಬಂತು, ಡ್ಯುಟೀರಿಯಂ ಪರೀಕ್ಷೆ ಮಾಡಿದಿರೋ ಇಲ್ಲವೋ ಅಂತಲೂ ನಮೂದಿಸಿ. ಮುಂದೆ ಯಾರಾದರೂ ಬೇರೆ ಸಂಖ್ಯೆ ತಂದರೆ ಇಬ್ಬರೂ ಮೊದಲು ನೋಡುವುದು ಆ ಸಾಲನ್ನೇ.